ಪಾಪದಲ್ಲಿ ಪಾಲು: ದರೋಡೆಯ ಗುಂಪು, ಒಂದು ಕೊಲೆ, ಹಲವರ ಹೊಣೆ

(ಅಬ್‌ಸ್ಟಾಟ್‌ನಲ್ಲಿ ನೆರೆದ ಕನ್ನಡ ಕುಟುಂಬಗಳ ಮುಂದೆ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರತ್ನಾಕರನೆಂಬ ದಾರಿಗಳ್ಳನ ಕಥೆಯನ್ನು ನಾವೆಲ್ಲರೂ ಎಳೆತನದಲ್ಲಿಯೇ ಕೇಳಿದ್ದೇವೆ. ದಾರಿಹೋಕರನ್ನು ಕೊಂದು ಸುಲಿದು ಸಂಸಾರ ಸಾಕುತ್ತಿದ್ದ ಅವನನ್ನು ನಾರದರು ತಡೆದು, ಈ ಗಳಿಕೆಯನ್ನು ಉಣ್ಣುವ ನಿನ್ನ ಮನೆಯವರು ನಿನ್ನ ಪಾಪದಲ್ಲಿಯೂ ಪಾಲು ತೆಗೆದುಕೊಳ್ಳುವರೇ ಎಂದು ಕೇಳಿ ಬರಲು ಕಳುಹಿಸಿದರಂತೆ. ಹೆಂಡತಿ ಮಕ್ಕಳು ಒಪ್ಪಲಿಲ್ಲ. ಈ ರತ್ನಾಕರನೇ ವಾಲ್ಮೀಕಿ ಮಹರ್ಷಿಗಳೆಂಬ ಮಾತು ಮೂಲ ರಾಮಾಯಣದಲ್ಲಿಲ್ಲ. ಅದು ಕಾಲಾಂತರದಲ್ಲಿ ಸೇರಿಕೊಂಡ ಐತಿಹ್ಯ. ಅದೇನೇ ಇರಲಿ, ಕಥೆಯೊಳಗಿನ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಒಬ್ಬನು ಮಾಡಿದ ಪಾಪದಲ್ಲಿ ಇನ್ನೊಬ್ಬನಿಗೆ ಎಷ್ಟು ಪಾಲು?

ಕಥೆಯಲ್ಲಿದ್ದವರು ಮನೆಯಲ್ಲಿ ಕುಳಿತು ಉಂಡವರು. ನ್ಯಾಯಾಲಯದ ಮುಂದೆ ಬರುವವರು ಜೊತೆಯಲ್ಲಿ ಹೋದವರು. ಐವರು ಕೂಡಿ ಒಂದು ಮನೆಯನ್ನು ದೋಚಲು ಹೋಗುತ್ತಾರೆ. ಒಬ್ಬನು ಬೀದಿಯ ಕೊನೆಯಲ್ಲಿ ಕಾವಲು ನಿಲ್ಲುತ್ತಾನೆ, ಒಬ್ಬನು ಬಾಗಿಲು ಮೀಟುತ್ತಾನೆ, ಇಬ್ಬರು ಪೆಟ್ಟಿಗೆ ಒಡೆಯುತ್ತಾರೆ. ಐದನೆಯವನು ಎಚ್ಚರಗೊಂಡ ಯಜಮಾನನ ತಲೆಗೆ ಹೊಡೆಯುತ್ತಾನೆ, ಯಜಮಾನನು ಸಾಯುತ್ತಾನೆ. ಕಾವಲು ನಿಂತವನು ಆ ಪೆಟ್ಟಿನ ಸದ್ದನ್ನೂ ಕೇಳಿರಲಾರ. ಅವನು ಕೊಲೆಗಾರನೇ? ಈ ಪ್ರಶ್ನೆಗೆ ನಾವು ಬಿಟ್ಟು ಬಂದ ನಾಡಿನ ಕಾನೂನು ಕೊಡುವ ಉತ್ತರ ಒಂದು, ನಾವು ನೆಲೆಸಿರುವ ನಾಡಿನ ಕಾನೂನು ಕೊಡುವ ಉತ್ತರ ಇನ್ನೊಂದು. ಆ ಎರಡೂ ಉತ್ತರಗಳು ಹೇಗೆ ರೂಪುಗೊಂಡವೆಂಬುದೇ ಇಂದಿನ ವಿಷಯ. ನಾವು ವೃತ್ತಿಯಿಂದ ವೈದ್ಯರು, ವಕೀಲರಲ್ಲ. ಆದರೆ ಗಾಯವನ್ನು ಪರೀಕ್ಷಿಸಿ ಸಾಕ್ಷಿ ನುಡಿಯುವವನು ವೈದ್ಯನೇ ಆದುದರಿಂದ ಈ ಪ್ರಶ್ನೆ ನಮ್ಮ ವೃತ್ತಿಗೆ ತೀರ ಹೊರಗಿನದೂ ಅಲ್ಲ.

ಹೆಮ್ಸ್‌ಬಾಖ್‌ನ ರಾತ್ರಿ

ಮೊದಲು ಈ ನಾಡಿನ ಕಥೆ. ಹೈಡೆಲ್‌ಬರ್ಗ್ ನಗರದಿಂದ ಬೆಟ್ಟಸಾಲಿನ ಅಂಚಿನಲ್ಲಿಯೇ ಉತ್ತರಕ್ಕೆ ಸಾಗುವ ಹಳೆಯ ಹೆದ್ದಾರಿಗೆ ಬೆರ್ಗ್‌ಷ್ಟ್ರಾಸೆ ಎಂದು ಹೆಸರು. 1811ರ ಏಪ್ರಿಲ್ 30ರ ರಾತ್ರಿ ಕಳೆದು ಮೇ 1 ಹುಟ್ಟುವ ಹೊತ್ತಿನಲ್ಲಿ, ಲೌಡೆನ್‌ಬಾಖ್ ಮತ್ತು ಹೆಮ್ಸ್‌ಬಾಖ್ ಊರುಗಳ ನಡುವೆ ಒಂದು ಕುದುರೆಗಾಡಿಯ ಮೇಲೆ ದರೋಡೆಗಾರರು ಬಿದ್ದರು. ಗಾಡಿಯಲ್ಲಿದ್ದವರು ಫ್ರಾಂಕ್‌ಫುರ್ಟ್ ಜಾತ್ರೆಯ ವ್ಯಾಪಾರ ಮುಗಿಸಿ ಸ್ವಿಟ್ಜರ್‌ಲೆಂಡಿಗೆ ಮರಳುತ್ತಿದ್ದ ಇಬ್ಬರು ವರ್ತಕರು. ಅವರಲ್ಲೊಬ್ಬನಾದ ವಿಂಟರ್‌ತೂರ್ ಊರಿನ ರೀಡರ್ ಎಂಬಾತನು ತಲೆಗೆ ಬಿದ್ದ ಪೆಟ್ಟುಗಳಿಂದ ಕೆಲವೇ ದಿನಗಳಲ್ಲಿ ಮರಣ ಹೊಂದಿದನು.

ಹೈಡೆಲ್‌ಬರ್ಗ್ ಆಗ ಬಾಡೆನ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ನಗರಾಧಿಕಾರಿ ಲುಡ್ವಿಗ್ ಪ್ಫಿಸ್ಟರ್ ತನಿಖೆಯನ್ನು ಕೈಗೆತ್ತಿಕೊಂಡನು. ಹ್ಯೋಲ್ಟ್ಸರ್‌ಲಿಪ್ಸ್ ಎಂಬ ಅಡ್ಡಹೆಸರಿನ ಗೇಯೋರ್ಗ್ ಫಿಲಿಪ್ ಲಾಂಗ್ ಮತ್ತು ಅವನ ಸಂಗಡಿಗರು ಒಬ್ಬೊಬ್ಬರಾಗಿ ಸೆರೆಸಿಕ್ಕರು. ಒಬ್ಬನ ತಪ್ಪೊಪ್ಪಿಗೆಯನ್ನು ಮತ್ತೊಬ್ಬನ ಮುಂದಿಟ್ಟು ಪ್ರಶ್ನಿಸುತ್ತಾ ಪ್ಫಿಸ್ಟರ್ ಇಡೀ ಗುಂಪಿನ ಚರಿತ್ರೆಯನ್ನು ಹೊರಗೆಳೆದನು. ಅದನ್ನು 1812ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ನೆಲೆಯಿಲ್ಲದೆ ಊರೂರು ಅಲೆಯುವವರು, ಚಿಲ್ಲರೆ ಸಾಮಾನು ಮಾರುವವರು, ಯಾವ ಊರಿನಲ್ಲಿಯೂ ವಾಸದ ಹಕ್ಕು ಇಲ್ಲದವರು: ಗುಂಪಿನಲ್ಲಿದ್ದವರು ಇಂತಹವರೇ. ನೆಪೋಲಿಯನ್ನನ ಕಾಲದ ಯುದ್ಧಗಳು ಬಡವರನ್ನು ಇನ್ನಷ್ಟು ಬಡವರನ್ನಾಗಿಸಿದ್ದವು. ಚಿಕ್ಕಚಿಕ್ಕ ಸಂಸ್ಥಾನಗಳ ಗಡಿಗಳು ಒತ್ತೊತ್ತಾಗಿದ್ದುದರಿಂದ ಒಂದು ಕಡೆ ಕದ್ದು ಇನ್ನೊಂದು ಕಡೆಗೆ ದಾಟುವುದು ಸುಲಭವಾಗಿತ್ತು.

1812ರ ಜುಲೈ 31ರಂದು ಹೈಡೆಲ್‌ಬರ್ಗಿನಲ್ಲಿ ನಾಲ್ವರ ಶಿರಚ್ಛೇದವಾಯಿತು. ಕೂಡಿ ಹೋದವರಲ್ಲಿ ಇಬ್ಬರು ಕಿರಿಯರಿಗೆ ಕ್ಷಮೆ ದೊರೆತು ಮರಣದಂಡನೆಯ ಬದಲು ಸೆರೆವಾಸ ವಿಧಿಸಲ್ಪಟ್ಟಿತು. ಸತ್ತವನು ಒಬ್ಬ, ಅವನ ಸಾವಿಗಾಗಿ ತಲೆಕೊಟ್ಟವರು ನಾಲ್ವರು. ಕತ್ತಲೆಯಲ್ಲಿ ಹಲವರು ದೊಣ್ಣೆ ಬೀಸಿದಾಗ, ಪ್ರಾಣ ತೆಗೆದದ್ದು ಯಾವ ಪೆಟ್ಟೆಂದು ವೈದ್ಯನು ಹೇಳಬಹುದು; ಆ ಪೆಟ್ಟು ಯಾರ ಕೈಯದೆಂದು ಹೇಳಲಾರ. ಹಾಗೆಂದು ಎಲ್ಲರನ್ನೂ ಬಿಟ್ಟುಬಿಟ್ಟರೆ ಸತ್ತವನಿಗೆ ನ್ಯಾಯವಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬದುಕಿರುವವರಿಗೆ ನ್ಯಾಯವಿಲ್ಲ. ಕಿರಿಯರಿಬ್ಬರ ಕ್ಷಮೆಯಲ್ಲಿ ಆ ಕಾಲದ ಕಠೋರ ನ್ಯಾಯವೂ ಈ ಇಕ್ಕಟ್ಟನ್ನು ಅರಿತಿದ್ದಿತೆಂದು ನಾವು ಭಾವಿಸುತ್ತೇವೆ.

ವೈದ್ಯಕವಿಯ ವಿಚಾರ

ಇದೇ ಪ್ರಶ್ನೆಯನ್ನು ಇದಕ್ಕೂ ಮೂವತ್ತು ವರ್ಷ ಮೊದಲು ರಂಗದ ಮೇಲೆ ತಂದವನು ನಮ್ಮ ಈ ಅಬ್‌ಸ್ಟಾಟ್‌ಗೆ ನೆರೆಯ ಮಾರ್‌ಬಾಖ್ ಊರಿನಲ್ಲಿ 1759ರಲ್ಲಿ ಹುಟ್ಟಿದ ಫ್ರೀಡ್ರಿಖ್ ಶಿಲ್ಲರ್. ಅವನು ಸ್ಟುಟ್‌ಗಾರ್ಟಿನಲ್ಲಿ ವೈದ್ಯಶಾಸ್ತ್ರ ಓದಿ ಸೇನಾವೈದ್ಯನಾಗಿದ್ದನೆಂಬುದು ನಮ್ಮಂತಹವರಿಗೆ ವಿಶೇಷ ಅಭಿಮಾನದ ಸಂಗತಿ. ಅವನ ‘ದರೋಡೆಗಾರರು’ ನಾಟಕ 1781ರಲ್ಲಿ ಅಚ್ಚಾಗಿ 1782ರ ಜನವರಿ 13ರಂದು ಮಾನ್‌ಹೈಮ್‌ನಲ್ಲಿ ಮೊದಲ ಬಾರಿಗೆ ರಂಗವೇರಿತು. ಅದರ ನಾಯಕ ಕಾರ್ಲ್ ಮೂರ್ ಅನ್ಯಾಯದ ವಿರುದ್ಧ ಸಿಡಿದೆದ್ದು ದರೋಡೆಗಾರರ ಒಡೆಯನಾಗುತ್ತಾನೆ. ಗುಂಪಿನವನೊಬ್ಬನು ಎಳೆಯ ಮಗುವನ್ನು ಬೆಂಕಿಗೆ ಎಸೆದೆನೆಂದು ಕೊಚ್ಚಿಕೊಂಡಾಗ ಕಾರ್ಲ್ ನಡುಗಿ ಅವನನ್ನು ಹೊರಗಟ್ಟುತ್ತಾನೆ. ಆದರೆ ಹೊರಗಟ್ಟಿದ ಮಾತ್ರಕ್ಕೆ ತನ್ನ ಹೊಣೆ ಕಳಚಿಕೊಳ್ಳಲಿಲ್ಲವೆಂಬುದು ಅವನಿಗೇ ತಿಳಿದಿದೆ. ಕೊನೆಗೆ ಅವನು ತನ್ನನ್ನು ತಾನೇ ನ್ಯಾಯಕ್ಕೆ ಒಪ್ಪಿಸಿಕೊಳ್ಳುತ್ತಾನೆ.

1786ರಲ್ಲಿ ಶಿಲ್ಲರ್ ಇನ್ನೊಂದು ಕಥೆ ಬರೆದನು. ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ ನಿಜವಾಗಿ ಬದುಕಿದ್ದು 1760ರಲ್ಲಿ ಫೈಹಿಂಗೆನ್ ಊರಿನಲ್ಲಿ ವಧೆಗೊಂಡ, ‘ಸೂರ್ಯ’ ಎಂಬ ಹೆಸರಿನ ಛತ್ರದ ಒಡೆಯನ ಮಗ ಫ್ರೀಡ್ರಿಖ್ ಶ್ವಾನ್‌ನ ಜೀವನ ಅದಕ್ಕೆ ಆಧಾರ. ವೈದ್ಯಶಾಸ್ತ್ರವು ರೋಗಿಯ ಹಾಸಿಗೆಯ ಬಳಿ ಬೆಳೆದಂತೆ ಮನುಷ್ಯಸ್ವಭಾವದ ಅರಿವು ಅಪರಾಧಿಯ ಬಾಳನ್ನು ಪರಿಶೀಲಿಸಿ ಬೆಳೆಯಬೇಕೆಂಬುದು ಅಲ್ಲಿ ಅವನ ನಿಲುವು. ಇವನೇನು ಮಾಡಿದ ಎಂಬುದರ ಜೊತೆಗೆ ಇವನು ಇಲ್ಲಿಗೆ ಬಂದದ್ದು ಹೇಗೆ ಎಂದು ಅವನು ಕೇಳಿದನು. ಗುಂಪಿನಲ್ಲಿ ಒಬ್ಬೊಬ್ಬನನ್ನೂ ಪ್ರತ್ಯೇಕವಾಗಿ ನೋಡುವ ದೃಷ್ಟಿಗೆ ಇದು ಮೊದಲ ಮೆಟ್ಟಿಲು.

ಶ್ರೀರಂಗಪಟ್ಟಣದ ಪತನದ ಬಳಿಕ

ಇನ್ನು ನಮ್ಮ ನಾಡಿನತ್ತ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿಯನ್ನು ಬ್ರಿಟಿಷರು ಹಿಡಿದರೆಂದೂ, ದಾರಿಹೋಕರ ಕೊರಳಿಗೆ ಕುಣಿಕೆ ಬಿಗಿದು ಕೊಂದು ದೋಚುವ ‘ಫಾಂಸಿಗಾರ’ರ ವಿಷಯ ಅವರ ಲಕ್ಷ್ಯಕ್ಕೆ ಬಂದದ್ದು ಆಗಲೇ ಎಂದೂ ಬರೆದಿಟ್ಟವನು ರಿಚರ್ಡ್ ಶೆರ್‌ವುಡ್. ಅವನೂ ವೈದ್ಯನೇ, ಮದರಾಸಿನಲ್ಲಿ ಶಸ್ತ್ರಚಿಕಿತ್ಸಕನಾಗಿದ್ದವನು. ಅವನ ಲೇಖನ 1816ರಲ್ಲಿ ಪ್ರಕಟವಾಯಿತು. ಮುಂದೆ ಉತ್ತರ ಭಾರತದಲ್ಲಿ ವಿಲಿಯಂ ಸ್ಲೀಮನ್ ನಡೆಸಿದ ಠಗ್ಗರ ಬೇಟೆಗೆ ಅದೂ ಒಂದು ಪ್ರೇರಣೆ. ಠಗ್ಗನೊಬ್ಬನ ತಪ್ಪೊಪ್ಪಿಗೆಯೆಂಬಂತೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದ ಮೆಡೋಸ್ ಟೇಲರ್ ಮುಂದೆ ನಮ್ಮ ಸುರಪುರದಲ್ಲಿ ಹಲವು ವರ್ಷ ಆಡಳಿತ ನಡೆಸಿದನೆಂಬುದನ್ನು ಆ ಸೀಮೆಯವರು ಬಲ್ಲರು.

ಸ್ಲೀಮನ್‌ಗೆ ಎದುರಾದ ತೊಡಕು ಪ್ಫಿಸ್ಟರ್‌ನಿಗೆ ಎದುರಾದದ್ದೇ. ದಾರಿಯಲ್ಲಿ ಸತ್ತವರಿಗೆ ಸಾಕ್ಷಿಗಳಿಲ್ಲ; ಕುಣಿಕೆ ಎಳೆದ ಕೈ ಯಾವುದೆಂದು ತಿಳಿಯದು. ಅದಕ್ಕೆ ಕಂಪನಿ ಸರಕಾರ ಎರಡು ದಾರಿಗಳನ್ನು ಹಿಡಿಯಿತು. ಒಂದು, ಗುಂಪಿನವರನ್ನೇ ಮಾಫಿಸಾಕ್ಷಿಗಳನ್ನಾಗಿ ಮಾಡುವುದು. ಇನ್ನೊಂದು, 1836ರ 30ನೆಯ ಕಾಯಿದೆ. ಠಗ್ಗರ ಗುಂಪಿಗೆ ಸೇರಿದ್ದನೆಂದು ರುಜುವಾತಾದರೆ ಸಾಕು, ಯಾವ ಕೊಲೆಯಲ್ಲಿ ಭಾಗಿಯೆಂದು ತೋರಿಸಬೇಕಾಗಿಲ್ಲ. ಜೀವಾವಧಿ ಕಠಿಣ ಸಜೆ. ಕಾಯಿದೆ ಹುಟ್ಟುವ ಮೊದಲು ಗುಂಪಿನಲ್ಲಿದ್ದವನಿಗೂ ಅದು ಅನ್ವಯಿಸುತ್ತಿತ್ತು. ಸ್ಲೀಮನ್ ಚಿತ್ರಿಸಿದಷ್ಟು ದೊಡ್ಡ ರಹಸ್ಯ ಪಂಥವೊಂದು ನಿಜಕ್ಕೂ ಇದ್ದಿತೇ ಎಂದು ಈಚಿನ ಇತಿಹಾಸಕಾರರು ಸಂದೇಹಪಡುತ್ತಾರೆ. ದಾರಿಗೊಲೆಗಳು ನಡೆದದ್ದು ನಿಜ. ಆದರೆ ಮಾಫಿಸಾಕ್ಷಿಗಳ ನಾಲಗೆಯೊಂದನ್ನೇ ನಂಬಿದ ಲೆಕ್ಕ ಎಷ್ಟು ನಿಜವೆಂಬುದು ಬೇರೆ ಮಾತು.

ಮುನ್ನೂರ ತೊಂಬತ್ತಾರನೆಯ ಕಲಂ

ಈ ಹಿನ್ನೆಲೆಯಲ್ಲಿ ಮೆಕಾಲೆಯ ಮುಂದಾಳುತನದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಅಂಗೀಕೃತವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದದ್ದು ಭಾರತೀಯ ದಂಡ ಸಂಹಿತೆ. ಅದರಲ್ಲಿ ಸುಲಿಗೆ ಬೇರೆ, ಡಕಾಯಿತಿ ಬೇರೆ. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ, ಅಥವಾ ಮಾಡಲು ಯತ್ನಿಸಿದರೆ, ಅದು ಡಕಾಯಿತಿ. ಸ್ಥಳದಲ್ಲಿದ್ದು ನೆರವಾದವನೂ ಆ ಐವರ ಲೆಕ್ಕಕ್ಕೆ ಸೇರುತ್ತಾನೆ. 396ನೆಯ ಕಲಮಿನ ತಾತ್ಪರ್ಯ ಹೀಗಿದೆ: ಕೂಡಿ ಡಕಾಯಿತಿ ಮಾಡುವ ಐವರಲ್ಲಿ ಯಾವನೊಬ್ಬನು ಅದರ ನಡುವೆ ಕೊಲೆ ಮಾಡಿದರೂ ಅವರಲ್ಲಿ ಪ್ರತಿಯೊಬ್ಬನೂ ಮರಣದಂಡನೆಗೆ, ಜೀವಾವಧಿ ಸಜೆಗೆ ಅಥವಾ ಹತ್ತು ವರ್ಷಗಳವರೆಗಿನ ಕಠಿಣ ಸಜೆಗೆ ಗುರಿಯಾಗುತ್ತಾನೆ.

ಕಾವಲು ನಿಂತವನಿಗೆ ಕೊಲ್ಲುವ ಉದ್ದೇಶವಿತ್ತೇ ಎಂದು ಈ ಕಲಂ ಕೇಳುವುದಿಲ್ಲ. ಡಕಾಯಿತಿಯಲ್ಲಿ ಅವನು ಸೇರಿದ್ದನೇ, ಕೊಲೆ ಆ ಡಕಾಯಿತಿಯ ಭಾಗವಾಗಿ ನಡೆಯಿತೇ, ಇವೆರಡೇ ಪ್ರಶ್ನೆ. ಕೊಳ್ಳೆ ಸಿಗದೆ ಓಡಿಹೋಗುವಾಗ ಬೆನ್ನಟ್ಟಿ ಹಿಡಿದ ಹಳ್ಳಿಗನನ್ನು ಒಬ್ಬ ಡಕಾಯಿತನು ಕೊಂದರೂ ಅದು ಡಕಾಯಿತಿಯಲ್ಲಿಯೇ ನಡೆದ ಕೊಲೆಯೆಂದು ಸರ್ವೋಚ್ಚ ನ್ಯಾಯಾಲಯ ಶ್ಯಾಮ್ ಬಿಹಾರಿ ಮೊಕದ್ದಮೆಯಲ್ಲಿ (1957) ತೀರ್ಮಾನಿಸಿತು.

ಅದೇ ಸಂಹಿತೆಯ ಮುಂದಿನ ಕಲಮನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ವೈಶಿಷ್ಟ್ಯ ತಿಳಿಯುತ್ತದೆ. ಸುಲಿಗೆ ಅಥವಾ ಡಕಾಯಿತಿಯಲ್ಲಿ ಮಾರಕಾಯುಧ ಬಳಸಿದ ಅಪರಾಧಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯೆಂದು 397ನೆಯ ಕಲಂ ಹೇಳಿತು. ಆಯುಧ ಬಳಸಿದವನಿಗೆ ಮಾತ್ರ ಅದು ಅನ್ವಯ, ಜೊತೆಗಾರರಿಗೆ ಅಲ್ಲ ಎಂದು ಫೂಲ್ ಕುಮಾರ್ ಮೊಕದ್ದಮೆಯಲ್ಲಿ (1975) ನಿರ್ಣಯವಾಯಿತು. ಅಂದರೆ ಚಾಕು ತೋರಿಸಿದರೆ ಹೊಣೆ ಒಬ್ಬನದು. ಪ್ರಾಣ ಹೋದರೆ ಹೊಣೆ ಎಲ್ಲರದು. ಶಾಸನಕರ್ತರು ತಿಳಿದೇ ಹೀಗೆ ಮಾಡಿದರೆಂಬುದು ಸ್ಪಷ್ಟ.

ಐವರಿಗಿಂತ ಕಡಿಮೆಯಿದ್ದರೆ ಅನ್ವಯವಾಗುವುದು ಸಮಾನ ಉದ್ದೇಶದ ತತ್ತ್ವ. ಅದು 34ನೆಯ ಕಲಂ. 1923ರ ಆಗಸ್ಟ್ 3ರಂದು ಕಲ್ಕತ್ತೆಯ ಶಂಕಾರಿಟೋಲಾ ಅಂಚೆಕಚೇರಿಗೆ ನುಗ್ಗಿದವರು ಹಣ ಕೇಳಿ ಪೋಸ್ಟ್‌ಮಾಸ್ಟರನ್ನು ಗುಂಡಿಟ್ಟು ಕೊಂದರು. ತಾನು ಹೊರಗೆ ನಿಂತಿದ್ದೆನಷ್ಟೇ ಎಂದು ಬರೇಂದ್ರಕುಮಾರ ಘೋಷ್ ವಾದಿಸಿದನು. ಲಂಡನ್ನಿನ ಪ್ರಿವಿ ಕೌನ್ಸಿಲ್ 1924ರಲ್ಲಿ ಆ ವಾದವನ್ನು ಒಪ್ಪದೆ, ಸಮಾನ ಉದ್ದೇಶದಿಂದ ಕೂಡಿದ ಕಾರ್ಯದಲ್ಲಿ ಕಾದು ನಿಂತವನೂ ಕರ್ತೃವೇ ಎಂದಿತು. ಆದರೆ ಇಲ್ಲಿ ಉದ್ದೇಶವನ್ನು ಸಾಬೀತು ಮಾಡಬೇಕು. 396ರಲ್ಲಿ ಅದು ಬೇಕಿಲ್ಲ.

2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಠಗ್ಗರ ಕಲಮುಗಳು ಕೊನೆಗೂ ಕಣ್ಮರೆಯಾಗಿವೆ. ಆದರೆ ಹಳೆಯ 396 ಈಗ 310ನೆಯ ಕಲಮಿನ 3ನೆಯ ಉಪಕಲಮಾಗಿ ಮುಂದುವರಿದಿದೆ, ಅದೂ ಇನ್ನಷ್ಟು ಬಿಗಿಯಾಗಿ. ಮೊದಲು ಹತ್ತು ವರ್ಷ ಎಂಬುದು ಸಜೆಯ ಮೇಲಿನ ಮಿತಿಯಾಗಿತ್ತು. ಈಗ ಅದು ಕೆಳಗಿನ ಮಿತಿ. ಕಾವಲು ನಿಂತವನಿಗೆ ಎರಡೋ ಮೂರೋ ವರ್ಷ ಸಾಕೆಂದು ನ್ಯಾಯಾಧೀಶರಿಗೆ ಅನ್ನಿಸಿದರೂ ಹಾಗೆ ಮಾಡಲು ಈಗ ಎಡೆಯಿಲ್ಲ. ಗಲ್ಲಿಗೆ ಮಾತ್ರ 1980ರ ಬಚನ್ ಸಿಂಗ್ ತೀರ್ಪಿನ ತಡೆಯಿದೆ. ಅತಿ ವಿರಳ ಪ್ರಕರಣಗಳಲ್ಲಿ ಮಾತ್ರ, ಅದೂ ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಿ, ಮರಣದಂಡನೆ ಕೊಡಬೇಕೆಂಬ ನಿಯಮ ಅದು. ತಪ್ಪನ್ನು ಒಟ್ಟಾಗಿ ಹೊರಿಸಿದರೂ ಗಲ್ಲಿನ ಪ್ರಶ್ನೆ ಬಂದಾಗ ಒಬ್ಬೊಬ್ಬನನ್ನೂ ಬೇರೆಯಾಗಿ ನೋಡಲೇಬೇಕಾಗುತ್ತದೆ.

ಪಶ್ಚಿಮದ ಮರುಚಿಂತನೆ

ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಘೋರಾಪರಾಧದ ನಡುವೆ ಸಂಭವಿಸಿದ ಸಾವು ತಾನಾಗಿಯೇ ಕೊಲೆ ಎನಿಸಿಕೊಳ್ಳುತ್ತಿತ್ತು. 1952ರ ನವೆಂಬರ್‌ನಲ್ಲಿ ಕ್ರಾಯ್ಡನ್‌ನ ಗೋದಾಮೊಂದಕ್ಕೆ ಕನ್ನ ಹಾಕಲು ಹೋದ ಇಬ್ಬರು ಹುಡುಗರಲ್ಲಿ ಕಿರಿಯನು ಪೋಲೀಸನನ್ನು ಗುಂಡಿಟ್ಟು ಕೊಂದನು. ಹದಿನಾರರ ವಯಸ್ಸಿನ ಅವನು ಗಲ್ಲಿನಿಂದ ಪಾರಾದನು. ಗುಂಡು ಹಾರಿದಾಗ ಆಗಲೇ ಪೋಲೀಸರ ವಶದಲ್ಲಿದ್ದ ಹತ್ತೊಂಬತ್ತರ ಡೆರೆಕ್ ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಬೆಂಟ್ಲಿಯ ಮೇಲಿನ ತೀರ್ಪು ರದ್ದಾದದ್ದು 1998ರಲ್ಲಿ. ಸಾವು ತಾನಾಗಿಯೇ ಕೊಲೆಯೆನಿಸುವ ಹಳೆಯ ನಿಯಮವನ್ನು ಇಂಗ್ಲೆಂಡ್ 1957ರಲ್ಲಿ ಕೈಬಿಟ್ಟಿತು. ಸಂಗಡಿಗನು ಕೊಲ್ಲಬಹುದೆಂದು ಊಹಿಸಿದ್ದನೆಂಬ ಮಾತ್ರಕ್ಕೆ ಕೊಲೆಯ ಹೊಣೆ ಹೊರಿಸುತ್ತಿದ್ದುದು ದಾರಿತಪ್ಪಿದ ನ್ಯಾಯವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2016ರ ಜೋಗಿ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಹಳೆಯ ನಿಯಮ ಇನ್ನೂ ಇದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಅದನ್ನು ಬಹುಮಟ್ಟಿಗೆ ಕಡಿಮೆ ಮಾಡಿತು.

ಜರ್ಮನಿಯಲ್ಲಿ 1949ರ ಸಂವಿಧಾನವೇ ಮರಣದಂಡನೆಯನ್ನು ರದ್ದುಗೊಳಿಸಿದೆ. ದಂಡಸಂಹಿತೆಯ 25ನೆಯ ಕಲಂ ಕೂಡಿ ಮಾಡಿದವರೆಲ್ಲರೂ ಕರ್ತೃಗಳೆಂದು ಹೇಳುತ್ತದೆ. ಆದರೆ 29ನೆಯ ಕಲಂ, ಪ್ರತಿಯೊಬ್ಬನಿಗೂ ಇತರರ ತಪ್ಪನ್ನು ಲೆಕ್ಕಿಸದೆ ಅವನವನ ತಪ್ಪಿಗೆ ತಕ್ಕಂತೆ ಶಿಕ್ಷೆಯೆಂದು ವಿಧಿಸುತ್ತದೆ. ಒಪ್ಪಿಕೊಂಡ ಯೋಜನೆಯ ಮೇರೆಯನ್ನು ಮೀರಿ ಒಬ್ಬನು ಮಾಡಿದ್ದು ಅವನೊಬ್ಬನ ತಲೆಗೆ. ಸುಲಿಗೆಯಲ್ಲಿ ಸಾವು ಸಂಭವಿಸಿದರೆ 251ನೆಯ ಕಲಮಿನಂತೆ ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸಜೆ. ಆದರೆ ಆ ಸಾವಿನ ಬಗ್ಗೆ ಅವನ ಕಡೆಯಿಂದ ಕನಿಷ್ಠಪಕ್ಷ ಘೋರ ಅಲಕ್ಷ್ಯವಾದರೂ ಇದ್ದಿರಬೇಕು. ಕಾವಲು ನಿಂತವನ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆ ಇಲ್ಲಿ ತಪ್ಪುವುದಿಲ್ಲ.

ಈಚಲ ಮರದ ಕೆಳಗಿನ ಮಜ್ಜಿಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆಂಬ ಗಾದೆ ನಮ್ಮಲ್ಲಿದೆ. ಹಂಚಿದ ಹೊಣೆಯ ತತ್ತ್ವ ಹಳಿ ತಪ್ಪಿದಾಗ ಕೃತ್ಯ ಮರೆಯಾಗಿ ಕುಲವೇ ಅಪರಾಧವಾಗುತ್ತದೆ. 1787ರಲ್ಲಿ ವ್ಯುರ್ಟೆಂಬೆರ್ಗಿನ ಸುಲ್ಟ್ಸ್ ಊರಿನಲ್ಲಿ ಹಾನಿಕೆಲ್ ಎಂಬ ದರೋಡೆಗಾರನನ್ನು ಗಲ್ಲಿಗೇರಿಸಿದ ವರ್ಷವೇ, ಅಲ್ಲಿನ ಅಧಿಕಾರಿ ಷೇಫರ್ ಅಲೆಮಾರಿಗಳ ಹೆಸರು, ಚಹರೆ, ಬಂಧುಬಳಗಗಳ ಪಟ್ಟಿಯನ್ನು ಅಚ್ಚುಹಾಕಿಸಿದನು. 1899ರಲ್ಲಿ ಮ್ಯೂನಿಕ್‌ನ ಪೋಲೀಸರು ಸಿಂತಿ ಮತ್ತು ರೋಮಾ ಜನರ ಮಾಹಿತಿಗೆಂದೇ ಪ್ರತ್ಯೇಕ ಕಚೇರಿ ತೆರೆದರು. ಇಂತಹ ಪಟ್ಟಿಗಳ ಪರಂಪರೆ ಎಲ್ಲಿಗೆ ಮುಟ್ಟಿತೆಂಬುದನ್ನು ಹಿಟ್ಲರನ ಕಾಲ ತೋರಿಸಿತು. ಆ ಜನಾಂಗದ ಹತ್ಯಾಕಾಂಡವನ್ನು ಜರ್ಮನ್ ಸರಕಾರ ವಿಧ್ಯುಕ್ತವಾಗಿ ಒಪ್ಪಿಕೊಂಡದ್ದು 1982ರಲ್ಲಿ.

ನಮ್ಮಲ್ಲಿಯೂ ಇದೇ ಆಯಿತು. ಠಗ್ಗರ ಕಾಯಿದೆಯ ಜಾಡಿನಲ್ಲಿಯೇ 1871ರಲ್ಲಿ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ಹುಟ್ಟಿ, ಅಲೆಮಾರಿ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರೆಂದು ದಾಖಲಾದವು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟಿನ ಹೆಸರು ಆ ಬಡಾವಣೆಗೆ ಉಳಿದುಬಂದಿದೆ. 1952ರಲ್ಲಿ ಆ ಕಾಯಿದೆ ರದ್ದಾಯಿತು, ಹಣೆಪಟ್ಟಿ ಸುಲಭವಾಗಿ ಅಳಿಯಲಿಲ್ಲ. ಹೊಸಕೋಟೆಯ ಬಳಿಯ ದಂಡುಪಾಳ್ಯದ ಹೆಸರು ಒಂದು ಗುಂಪಿನ ಕ್ರೌರ್ಯದಿಂದಾಗಿ, ಅದರ ಮೇಲೆ 2012ರಲ್ಲಿ ಬಂದ ಚಲನಚಿತ್ರದಿಂದಾಗಿ, ನಾಡಿಗೆಲ್ಲ ಭಯದ ಹೆಸರಾಯಿತು. ಆ ಊರಿನಲ್ಲಿ ಹೊಲ ಗೇಯ್ದು ಬದುಕುವವರು ಯಾವ ಡಕಾಯಿತಿಯಲ್ಲಿ ಕೂಡಿದ್ದರು?

ಆದುದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ನಿವೇದಿಸುತ್ತೇವೆ. ಕಾವಲು ನಿಂತವನು ನಿರಪರಾಧಿಯಲ್ಲ. ಅವನಿಲ್ಲದಿದ್ದರೆ ಒಳಗಿನವರಿಗೆ ಧೈರ್ಯವಿರುತ್ತಿರಲಿಲ್ಲ. ಸತ್ತವನ ಹೆಂಡತಿ ಮಕ್ಕಳಿಗೆ ಅವನು ಉತ್ತರ ಕೊಡಲೇಬೇಕು. ಪೆಟ್ಟು ಯಾರದೆಂದು ಶವಪರೀಕ್ಷೆಯಿಂದ ತಿಳಿಯದೆಂಬ ಕಾರಣಕ್ಕೆ ಐವರೂ ನುಣುಚಿಕೊಳ್ಳುವುದನ್ನು ಯಾವ ಸಮಾಜವೂ ಸಹಿಸಲಾರದು. ಇಷ್ಟರ ಮಟ್ಟಿಗೆ 396 ನ್ಯಾಯವೇ. ಆದರೆ ಹೊಣೆ ಎಲ್ಲರಿಗೂ ಸೇರಿದ್ದೆನ್ನುವುದು ಬೇರೆ, ಎಲ್ಲರ ಹೊಣೆಯೂ ಸಮವೆನ್ನುವುದು ಬೇರೆ. ಅವನು ಏನನ್ನು ಒಪ್ಪಿ ಹೊರಟಿದ್ದ, ಆಯುಧವಿರುವುದನ್ನು ಬಲ್ಲನೇ, ತಡೆಯಲು ಯತ್ನಿಸಿದನೇ ಎಂದು ಕೇಳುವ ಅವಕಾಶವನ್ನು ನ್ಯಾಯಾಧೀಶರ ಕೈಯಿಂದ ಕಿತ್ತುಕೊಳ್ಳಬಾರದು. ಹೊಸ ಸಂಹಿತೆಯ ಕನಿಷ್ಠ ಸಜೆ ಈ ದೃಷ್ಟಿಯಿಂದ ಹಿಂದಕ್ಕಿಟ್ಟ ಹೆಜ್ಜೆಯೆಂದೇ ನಮಗೆ ತೋರುತ್ತದೆ.

ಕೊನೆಯದಾಗಿ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಎರಡು ಮಾತು. ಈ ದೇಶದಲ್ಲಿ ಹದಿನಾಲ್ಕು ತುಂಬಿದವರು ಕಾನೂನಿನ ಮುಂದೆ ಹೊಣೆಗಾರರು. ಹದಿಹರೆಯದವರಿಗೆ ಬೇರೆ ನ್ಯಾಯಾಲಯ, ಬೇರೆ ಶಿಕ್ಷಾಕ್ರಮ ಇದ್ದರೂ ಹೊಣೆ ತಪ್ಪುವುದಿಲ್ಲ. ಸುಲಿಗೆಯೋ ಕೊಲೆಯೋ ನಡೆಯಲಿದೆಯೆಂದು ಸಕಾಲದಲ್ಲಿ ನಂಬಲರ್ಹವಾಗಿ ತಿಳಿದೂ ಸುಮ್ಮನಿದ್ದವನನ್ನು 138ನೆಯ ಕಲಂ ಶಿಕ್ಷಿಸುತ್ತದೆ. ಹೊರಟ ಮೇಲೆ ಮನಸ್ಸು ಬದಲಾಗಿ ತಾನೊಬ್ಬನೇ ಮನೆಗೆ ಮರಳುವುದು ಎಷ್ಟೋ ವೇಳೆ ಸಾಲದು. ಕೃತ್ಯ ನಡೆಯದಂತೆ ತಡೆಯಲು ಮನಃಪೂರ್ವಕ ಯತ್ನ ಮಾಡಬೇಕೆಂಬುದು 24ನೆಯ ಕಲಮಿನ ಅಪೇಕ್ಷೆ. ಸ್ನೇಹಿತರು ಕರೆದರೆಂದು ಹೊರಟ ಹುಡುಗನಿಗೆ ನಡುದಾರಿಯಲ್ಲಿ ಭಯವಾದರೆ, ಬೈಗುಳಕ್ಕೆ ಹೆದರದೆ ಮನೆಗೆ ಫೋನ್ ಮಾಡುವಷ್ಟು ಸಲಿಗೆ ಅವನಿಗೆ ತಂದೆತಾಯಿಯರಲ್ಲಿ ಇರಬೇಕು. ಆ ಸಲಿಗೆಯನ್ನು ಬೆಳೆಸುವುದು ಯಾವ ಸಂಹಿತೆಯಿಂದಲೂ ಆಗದ ಕೆಲಸ. ಅದು ನಮ್ಮ ನಿಮ್ಮ ಮನೆಗಳಲ್ಲಿಯೇ ಆಗಬೇಕು.